ಜಪಾನಿನ ಶರಣಾಗತಿ: ಬಾಂಬೊಂದೇ ಕಾರಣವೆ?

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಪರಮಾಣು ಬಾಂಬು ಬಿದ್ದಿತು. 15ರಂದು ಜಪಾನಿನ ಚಕ್ರವರ್ತಿ ಹಿರೋಹಿತೋ ಯುದ್ಧದ ಮುಕ್ತಾಯವನ್ನು ಬಾನುಲಿಯಲ್ಲಿ ಸಾರಿದನು. ಒಂದರ ಬೆನ್ನಿಗೇ ಇನ್ನೊಂದು ನಡೆದುದರಿಂದ, ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂಬ ನಂಬಿಕೆ ಬೇರೂರಿತು. ಆದರೆ ಹಿಂದೆ ನಡೆದುದೆಲ್ಲವೂ ಕಾರಣವಾಗಲಾರದು.

ಆ ವೇಳೆಗೆ ಜಪಾನು ಸೋತಿದ್ದಿತು. ಮಾರ್ಚ್ 9-10ರ ರಾತ್ರಿಯ ಬೆಂಕಿಬಾಂಬು ದಾಳಿಯಲ್ಲಿ ಟೋಕಿಯೋದ ಸುಮಾರು ಒಂದು ಲಕ್ಷ ಜನ ಮಡಿದಿದ್ದರು. ಜೂನ್ ತಿಂಗಳಲ್ಲಿ ಓಕಿನಾವಾ ಕೈಬಿಟ್ಟಿತ್ತು. ಸೋವಿಯತ್ ಮಧ್ಯಸ್ಥಿಕೆಯನ್ನು ಕೋರುವಂತೆ ವಿದೇಶಾಂಗ ಸಚಿವ ಟೋಗೋ ಮಾಸ್ಕೋದ ರಾಯಭಾರಿಗೆ ಕಳುಹಿಸುತ್ತಿದ್ದ ಗೂಢಲಿಪಿಯ ತಂತಿಗಳನ್ನು ಅಮೆರಿಕನ್ನರು ಓದುತ್ತಿದ್ದರು. ಆದರೆ ಸೋಲುವುದು ಬೇರೆ, ಸೋಲನ್ನೊಪ್ಪುವುದು ಬೇರೆ. ಜುಲೈ 26ರ ಪಾಟ್ಸ್‌ಡ್ಯಾಮ್ ಘೋಷಣೆಯು ಚಕ್ರವರ್ತಿಯ ಸ್ಥಾನದ ವಿಷಯದಲ್ಲಿ ಮೌನ ತಾಳಿತ್ತು. ಪ್ರಧಾನಿ ಸುಜುಕಿ ಅದನ್ನು ಕಡೆಗಣಿಸಿದನು.

ನಿರ್ಣಾಯಕ ದಿನ ಆಗಸ್ಟ್ 9. ಅಂದು ಸೋವಿಯತ್ ಸೇನೆ ಮಂಚೂರಿಯಾವನ್ನು ಹೊಕ್ಕಿತು, ಮಧ್ಯಸ್ಥನಾಗಬೇಕಾದವನೇ ವೈರಿಯಾದನು. ಬೆಳಿಗ್ಗೆ ಆರು ಮಂದಿಯ ಪರಮೋಚ್ಚ ಯುದ್ಧಮಂಡಲಿ ಸೇರಿತು. ಸಭೆ ನಡೆಯುತ್ತಿರುವಾಗಲೇ ನಾಗಸಾಕಿಯ ವಾರ್ತೆ ಬಂದರೂ ಮಂಡಲಿ ಸಮನಾಗಿ ಒಡೆದೇ ಉಳಿಯಿತು. ಚಕ್ರವರ್ತಿಯ ಸ್ಥಾನ ಉಳಿದರೆ ಸಾಕೆಂದು ಸುಜುಕಿ, ಟೋಗೋ, ಯೋನಾಯ್. ಅದರ ಮೇಲೆ ಇನ್ನೂ ಮೂರು ಷರತ್ತುಗಳು ಬೇಕೆಂದು ಅನಾಮಿ, ಉಮೇಜು, ಟೋಯೋಡಾ. ಆ ರಾತ್ರಿ ಚಕ್ರವರ್ತಿಯೇ ಟೋಗೋವಿನ ಪಕ್ಷವನ್ನು ಹಿಡಿದನು. ಎರಡು ಬಾಂಬುಗಳೂ ಸೋವಿಯತ್ ದಾಳಿಯೂ ಕೂಡಿದರೂ ಸೇನಾಪಕ್ಷದ ಮೂವರ ಮನಸ್ಸನ್ನು ತಿರುಗಿಸಲಾರದೆ ಹೋದವೆಂಬುದು ಗಮನಾರ್ಹ.

ಬಾಂಬಿಲ್ಲದಿದ್ದರೂ 1945 ಮುಗಿಯುವುದರೊಳಗೆ ಜಪಾನು ಶರಣಾಗುತ್ತಿತ್ತೆಂದು ಅಮೆರಿಕದ ಬಾಂಬುದಾಳಿ ಸಮೀಕ್ಷೆಯೇ 1946ರಲ್ಲಿ ಅಭಿಪ್ರಾಯಪಟ್ಟಿತು. ಭೂದಾಳಿಯ ಅಪಾರ ಸಾವುನೋವನ್ನು ಬಾಂಬು ತಪ್ಪಿಸಿತೆಂದು ಯುದ್ಧಕಾಲದ ಯುದ್ಧಸಚಿವ ಸ್ಟಿಮ್ಸನ್ 1947ರಲ್ಲಿ ವಾದಿಸಿದನು. ಸೋವಿಯತ್ ಪ್ರವೇಶವೇ ಹೆಚ್ಚು ಪ್ರಬಲವಾದ ಕಾರಣವೆಂದು ಇತಿಹಾಸಕಾರ ಹಸೆಗಾವಾ 2005ರಲ್ಲಿ ಪ್ರತಿಪಾದಿಸಿದನು. ಚಕ್ರವರ್ತಿಯ ಎರಡು ಶಾಸನಗಳಲ್ಲೇ ಈ ದ್ವಂದ್ವವಿದೆ: ಪ್ರಜೆಗಳನ್ನು ಕುರಿತ 15ರ ಭಾಷಣದಲ್ಲಿ ಹೊಸ ಕ್ರೂರ ಬಾಂಬಿನ ಉಲ್ಲೇಖವುಂಟು, ಸೋವಿಯತ್ ಪ್ರವೇಶದ ಮಾತಿಲ್ಲ; ಸೈನಿಕರಿಗಿತ್ತ 17ರ ಶಾಸನದಲ್ಲಿ ಸೋವಿಯತ್ ಪ್ರವೇಶವುಂಟು, ಬಾಂಬಿನ ಮಾತಿಲ್ಲ.

ಹಾಗಾಗಿ ಒಂದೇ ಕಾರಣವನ್ನು ಹಿಡಿದು ನಿಲ್ಲುವುದು ಯುಕ್ತವಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದುಂಟು. ಬಾಂಬು ಫಲಿಸಿತೆ ಎಂಬುದು ಇತಿಹಾಸದ ಪ್ರಶ್ನೆ. ಹಾಕಬಹುದಿತ್ತೆ ಎಂಬುದು ಧರ್ಮದ ಪ್ರಶ್ನೆ. ಮೊದಲನೆಯದಕ್ಕೆ ಹೌದೆಂದರೂ ಎರಡನೆಯದು ಉತ್ತರವಾಗದೆ ಉಳಿಯುತ್ತದೆ. ನಾಗಸಾಕಿಯಂತೂ ಅಂದಿನ ಮೊದಲ ಗುರಿಯೂ ಆಗಿರಲಿಲ್ಲ. ಕೋಕುರಾ ಕಣ್ಣಿಗೆ ಬೀಳದೆ ಮುಸುಕಿದ್ದುದರಿಂದ ವಿಮಾನ ಅತ್ತ ತಿರುಗಿತು. ವರ್ಷಾಂತ್ಯದೊಳಗೆ ಅಲ್ಲಿ ಸುಮಾರು 70,000 ಜನ ಸತ್ತರು.