‘ಎಷ್ಟು’ ಎಂಬ ಶಬ್ದದ ಅರ್ಥವೂ ಪ್ರಯೋಗವೂ

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಮೆಟ್ಟಿಲ ದಾರಿ ಮೊದಲಾಗುವ ಎಡೆಗೆ ಹೊಸದಾಗಿ ಬಂದ ಯಾತ್ರಿಕನು ‘ಮೆಟ್ಟಿಲು ಎಷ್ಟು?’ ಎಂದು ಕೇಳುವನು. ಅರ್ಧ ಹತ್ತಿ ದಣಿದ ಮೇಲೆ ‘ಇನ್ನೆಷ್ಟು ದೂರ?’ ಎನ್ನುವನು. ನಂದಿಯ ಎದುರಿಗೆ ಬಂದು ನಿಂತಾಗ ‘ಎಷ್ಟು ದೊಡ್ಡದು!’ ಎಂದು ಬೆರಗಾಗುವನು. ಮೇಲೆ ಹೋಗಿ ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಮುಟ್ಟಿ ‘ಎಷ್ಟು?’ ಎಂದು ಬೆಲೆಯನ್ನು ವಿಚಾರಿಸುವನು. ಸಂಖ್ಯೆ, ದೂರ, ವಿಸ್ಮಯ, ಬೆಲೆ ಇಷ್ಟಕ್ಕೂ ಅವನಿಗೆ ಒಂದೇ ಶಬ್ದವು ಸಾಕಾಗಿದೆ. ಪಾಠಶಾಲೆಗಳ ವ್ಯಾಕರಣಗ್ರಂಥಗಳಾದರೋ ಈ ಶಬ್ದವನ್ನು ‘ಅಷ್ಟು’, ‘ಇಷ್ಟು’, ‘ಹಲವು’, ‘ಕೆಲವು’ ಎಂಬವುಗಳೊಡನೆ ಪರಿಮಾಣವಾಚಕವೆಂಬ ಒಂದೇ ಗುಂಪಿನಲ್ಲಿ ಸೇರಿಸಿ ಮುಂದೆ ಸಾಗುತ್ತವೆ. ವಿದ್ಯಾರ್ಥಿಯು ಅದನ್ನು ಬಾಯಿಪಾಠ ಮಾಡಿ, ತಾನು ದಿನವೂ ಆಡುವ ಮಾತಿನ ಬಹುಭಾಗಕ್ಕೆ ಲಕ್ಷಣವೇ ಇಲ್ಲವೆಂದು ತಿಳಿಯುತ್ತಾನೆ. ಈ ವರ್ಗೀಕರಣವು ಶಬ್ದದ ಚರಿತ್ರೆಗೂ ಒಪ್ಪುವುದಿಲ್ಲ, ಪ್ರಯೋಗಕ್ಕೂ ಒಪ್ಪುವುದಿಲ್ಲ.

ಹಳಗನ್ನಡದಲ್ಲಿ ಈ ಅರ್ಥಕ್ಕೆ ‘ಎನಿತು’ ಎಂಬುದೇ ಪ್ರಸಿದ್ಧವಾದ ರೂಪ. ಅದಕ್ಕೆ ಜೊತೆಯಾಗಿ ‘ಅನಿತು’, ‘ಇನಿತು’ ಎಂಬವು ಇದ್ದುವು. ದಾನಶಾಸನಗಳಲ್ಲಿ ಗದ್ದೆ ಬೆದ್ದಲುಗಳನ್ನೂ ಎಲ್ಲೆಗಳನ್ನೂ ಒಂದೊಂದಾಗಿ ಹೇಳಿ ಕೊನೆಗೆ ‘ಇಂತಿನಿತು’ ಎಂದು ಕೂಡಿಸುವ ವಾಡಿಕೆಯನ್ನು ಶಾಸನಗಳನ್ನೋದುವವರು ಬಲ್ಲರು. ‘ಎನಿಸು’, ‘ಇನಿಸು’ ಎಂಬ ರೂಪಗಳೂ ಉಂಟು. ಇವುಗಳ ನಡುವಣ ನಿಕಾರವು ಸವೆದು ಆದಿಸ್ವರವು ದೀರ್ಘವಾಗಲು ನಡುಗನ್ನಡದ ‘ಏಸು’, ‘ಈಸು’, ‘ಆಸು’ಗಳು ಬಂದುವೆಂದು ಹೇಳುವುದು ಸಲ್ಲುತ್ತದೆ. ಹರಿದಾಸರ ಪದಗಳಲ್ಲಿ ‘ಏಸು’ ಎಂಬುದು ಬಳಕೆಯ ಮಾತು. ಹಳ್ಳಿಗಳ ಆಡುನುಡಿಯಲ್ಲಿ ಅದು ಪೂರ್ತಿಯಾಗಿ ಅಳಿದಿಲ್ಲ. ‘ಎಷ್ಟು’ ಎಂಬುದು ಇದೇ ಕುಲದ್ದು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಿಂದ ಮೊದಲುಗೊಂಡು 1961ರಲ್ಲಿ ಬರೋ ಮತ್ತು ಎಮನೋ ಎಂಬ ವಿದ್ವಾಂಸರು ಹೊರತಂದ ದ್ರಾವಿಡ ವ್ಯುತ್ಪತ್ತಿಕೋಶದವರೆಗೆ ಈ ರೂಪಗಳ ನಂಟನ್ನು ಕಾಣಬಹುದು.

‘ಎಷ್ಟು’ ಎಂಬುದರ ಷಕಾರವು ಕೆಲವರಿಗೆ ಭ್ರಾಂತಿಯನ್ನುಂಟುಮಾಡಿದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಎಣಿಸಿರುವ 47 ಶುದ್ಧಾಕ್ಷರಗಳಲ್ಲಿ ಷಕಾರವಿಲ್ಲ. ಹಾಗಿರುವಲ್ಲಿ ಅಚ್ಚಗನ್ನಡ ಶಬ್ದದ ನಡುವೆ ಅದು ಹೇಗೆ ಬಂದಿತು? ಟಕಾರದ ಸಂಗದಿಂದ ಹಿಂದಿನ ಸಕಾರವು ಮೂರ್ಧನ್ಯವಾಯಿತೆಂಬುದೇ ಸಮಾಧಾನ. ಇದು ಸಂಸ್ಕೃತ ವೈಯಾಕರಣರು ಷ್ಟುತ್ವವೆಂದು ಕರೆಯುವ ಸಂಧಿಕಾರ್ಯದಂತಹುದು. ಓದುಬರಹವಿಲ್ಲದವರು ಇಂದಿಗೂ ‘ಎಸ್ಟು’ ಎಂದೇ ನುಡಿಯುವರು. ಅವರ ಉಚ್ಚಾರಣೆಯನ್ನು ತಿದ್ದಹೊರಡುವವರು ಶಬ್ದದ ಹಳೆಯ ಮೈಯನ್ನು ಉಳಿಸಿಕೊಂಡವರು ಯಾರೆಂಬುದನ್ನು ಒಮ್ಮೆ ಯೋಚಿಸಬೇಕು. ‘ಅಷ್ಟು’ ಎಂಬುದನ್ನು ಸಂಸ್ಕೃತದ ಎಂಟಕ್ಕೆ ಗಂಟುಹಾಕುವ ವಿನೋದವಂತೂ ವಿಚಾರಕ್ಕೆ ಯೋಗ್ಯವಲ್ಲ.

ಸಂಸ್ಕೃತದಲ್ಲಿ ಎಣಿಕೆಯ ಪ್ರಶ್ನೆಯೂ ಅಳತೆಯ ಪ್ರಶ್ನೆಯೂ ಬೇರೆ ಬೇರೆ. ಎಣಿಸಬಲ್ಲವುಗಳಿಗೆ ‘ಕತಿ’, ಅಳೆಯಬಲ್ಲವುಗಳಿಗೆ ‘ಕಿಯತ್’. ಎರಡೂ ‘ಕಿಂ’ ಶಬ್ದದಿಂದಲೇ ಹುಟ್ಟಿದರೂ ಪಾಣಿನಿಯು 5ನೆಯ ಅಧ್ಯಾಯದ 2ನೆಯ ಪಾದದಲ್ಲಿ ಬೇರೆ ಬೇರೆ ಪ್ರತ್ಯಯಗಳನ್ನು ವಿಧಿಸಿರುವನು. ‘ಕತಿ’ಯು ನಿತ್ಯಬಹುವಚನಾಂತ, ‘ಕಿಯತ್’ ಲಿಂಗವಚನಗಳನ್ನು ಅನುಸರಿಸುತ್ತದೆ. ನೆರೆಯ ತೆಲುಗಿನಲ್ಲಿ ಭೇದವು ಇನ್ನೂ ಸ್ಫುಟವಾಗಿದ್ದು ಅಳತೆಗೆ ‘ಎಂತ’, ವಸ್ತುಗಳ ಎಣಿಕೆಗೆ ‘ಎನ್ನಿ’, ಮನುಷ್ಯರ ಎಣಿಕೆಗೆ ‘ಎಂದರು’ ಎಂದು ಮೂರು ರೂಪಗಳಿವೆ. ಮಲಯಾಳದ ‘ಎತ್ರ’ ಮತ್ತು ತುಳುವಿನ ‘ಏತ್’ ಎಂಬವು ಕನ್ನಡದ ‘ಎಷ್ಟು’ವಿನಂತೆ ಎಣಿಕೆ ಅಳತೆಗಳೆರಡಕ್ಕೂ ಸಲ್ಲುವುವು.

ಈ ಹೋಲಿಕೆಯನ್ನು ನೋಡಿ ಕನ್ನಡಕ್ಕೆ ಸೂಕ್ಷ್ಮತೆ ಸಾಲದೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಮನುಷ್ಯರನ್ನು ಕುರಿತ ಪ್ರಶ್ನೆಗೆ ಹಳಗನ್ನಡದಲ್ಲಿ ‘ಎನಿಬರ್’ ಎಂಬ ಪ್ರತ್ಯೇಕ ರೂಪವಿದ್ದಿತು. ‘ಅನಿಬರ್’, ‘ಇನಿಬರ್’ ಎಂಬವು ಅದರ ಒಡಹುಟ್ಟುಗಳು. ಈ ‘ಎನಿಬರ್’ ಎಂಬುದು ಬಳಕೆಯಿಂದ ಜಾರಿಹೋಯಿತು. ಆದರೆ ಅದಕ್ಕೆ ಉತ್ತರವಾಗಿ ಬರುತ್ತಿದ್ದ ‘ಇಬ್ಬರು’, ‘ಮೂವರು’, ‘ನಾಲ್ವರು’, ‘ಐವರು’ ಎಂಬ ರೂಪಗಳೂ ‘ಕೆಲವರು’, ‘ಹಲವರು’ ಎಂಬವೂ ಉಳಿದುವು. ಆದ್ದರಿಂದಲೇ ಈಗ ‘ಬೆಟ್ಟಕ್ಕೆ ಎಷ್ಟು ಜನ ಹೋದರು?’ ಎಂಬ ಪ್ರಶ್ನೆಗೆ ‘ಮೂವರು’ ಎಂಬ ಉತ್ತರವು ಬರುತ್ತದೆ. ಉತ್ತರದಲ್ಲಿ ಮನುಷ್ಯವಾಚಕ ಪ್ರತ್ಯಯವಿದೆ. ಪ್ರಶ್ನೆಯಲ್ಲಿ ಅದು ಇಲ್ಲವಾದ್ದರಿಂದ ‘ಜನ’ ಅಥವಾ ‘ಮಂದಿ’ ಎಂಬ ಊರೆಗೋಲು ಬೇಕಾಯಿತು. ಕನ್ನಡವು ತನ್ನ ಶಬ್ದಗಳಲ್ಲಿ ನಿಜವಾಗಿ ಕಳೆದುಕೊಂಡದ್ದು ಇದೊಂದನ್ನೇ. ಹೊಸಗನ್ನಡದ ಕವಿಗಳು ‘ಎನಿತು’ವನ್ನು ಮರಳಿ ಕರೆತಂದರೂ ‘ಎನಿಬರ್’ ಅವರೊಡನೆ ಬರಲಿಲ್ಲ.

ಉಳಿದ ಅರ್ಥಭೇದಗಳನ್ನು ಕನ್ನಡವು ಪದಗಳ ಸ್ಥಾನದಿಂದಲೂ ವಿಭಕ್ತಿಯಿಂದಲೂ ಸಾಧಿಸಿಕೊಂಡಿದೆ. ‘ಎಷ್ಟು ತೆಂಗಿನಕಾಯಿ?’ ಎಂದರೆ ಸಂಖ್ಯೆಯ ಪ್ರಶ್ನೆ. ಅಂಗಡಿಯ ಮುಂದೆ ‘ತೆಂಗಿನಕಾಯಿ ಎಷ್ಟು?’ ಎಂದರೆ ಬೆಲೆ. ‘ತೆಂಗಿನಕಾಯಿಗೆ ಎಷ್ಟು?’ ಎಂದರೆ ಚತುರ್ಥಿಯ ಬಲದಿಂದ ಸಂದೇಹಕ್ಕೆ ಎಡೆಯೇ ಇಲ್ಲ. ‘ಎಷ್ಟಕ್ಕೆ ಕೊಟ್ಟೆ?’ ಎಂದಾಗ ಆ ಚತುರ್ಥಿಯು ಪ್ರಶ್ನಾರ್ಥಕಕ್ಕೇ ಹತ್ತಿ, ಕ್ರಯವೆಂಬ ಅರ್ಥವನ್ನು ಕೊಡುತ್ತದೆ. ಷಷ್ಠಿಯು ಹತ್ತಿದರೆ ಅರ್ಥವು ಬೇರೊಂದು ದಾರಿಯನ್ನು ಹಿಡಿಯುತ್ತದೆ: ‘ಅವನು ಎಷ್ಟರವನು?’ ಎಂಬುದರಲ್ಲಿ ಎಣಿಕೆಯೂ ಇಲ್ಲ, ಅಳತೆಯೂ ಇಲ್ಲ, ತಿರಸ್ಕಾರ ಮಾತ್ರವಿದೆ.

ಅವ್ಯಯಗಳು ಸೇರಿದಾಗಿನ ಮಾರ್ಪಾಟು ಇದಕ್ಕಿಂತಲೂ ವಿಚಿತ್ರ. ‘ಎಷ್ಟೋ’ ಎಂದರೆ ಪ್ರಶ್ನೆಯು ಅಡಗಿ ‘ಬಹಳ’ ಎಂಬ ಅರ್ಥವು ನಿಲ್ಲುತ್ತದೆ. ‘ಎಷ್ಟಾದರೂ ಅವನು ತಮ್ಮನಲ್ಲವೆ’ ಎಂಬಲ್ಲಿ ಪರಿಮಾಣದ ಸುಳಿವೇ ಇಲ್ಲದೆ ಬಾಂಧವ್ಯದ ಸಮರ್ಥನೆಯಾಗುತ್ತದೆ. ‘ಎಷ್ಟು ಮಾತ್ರಕ್ಕೂ’ ಎಂಬುದು ನಿಷೇಧದೊಡನೆ ಮಾತ್ರ ಬಾಳುತ್ತದೆ. ‘ಎಷ್ಟೊಂದು’ ಎಂಬಲ್ಲಿ ‘ಒಂದು’ ಎಂಬ ಅತ್ಯಲ್ಪಸಂಖ್ಯೆಯು ಕೂಡಿ ‘ಬಹು’ ಎಂಬ ಅರ್ಥವು ಹುಟ್ಟಿರುವುದನ್ನು ಗಮನಿಸಬೇಕು. ಅಲ್ಲಿ ಅನೇಕವು ಒಂದೇ ರಾಶಿಯಾಗಿ ಕಣ್ಣಿಗೆ ಬೀಳುತ್ತದೆಂಬುದೇ ಅದರ ಭಾವವೆಂದು ತೋರುತ್ತದೆ. ಆಷಾಢದ ಶುಕ್ರವಾರ ಬೆಟ್ಟದ ಮೇಲೆ ‘ಎಷ್ಟೊಂದು ಜನ!’ ಎಂದವನು ಯಾರಿಂದಲೂ ಲೆಕ್ಕವನ್ನು ಬಯಸುವುದಿಲ್ಲ.

ಅಳತೆಯ ಪ್ರಶ್ನೆಗೆ ಅವಧಿಯು ಬೇಕೆಂಬುದಕ್ಕೂ ಈ ಬೆಟ್ಟವೇ ನಿದರ್ಶನ. ‘ಬೆಟ್ಟ ಎಷ್ಟು ಎತ್ತರ?’ ಎಂದರೆ 3,489 ಅಡಿ ಎಂಬ ಉತ್ತರವು ಪ್ರಸಿದ್ಧವಾಗಿದೆ, ಅದು ಸಮುದ್ರಮಟ್ಟದಿಂದ. ಕಾಲ್ನಡೆಯಲ್ಲಿ ಹತ್ತುವವನ ಪ್ರಶ್ನೆಯು ಊರಿನ ಮಟ್ಟದಿಂದ. ಅದು ಸುಮಾರು 1,000 ಅಡಿ. ದೇವಾಲಯದ ಮಹಾದ್ವಾರದ ಗೋಪುರಕ್ಕೆ ‘ಎಷ್ಟು ನೆಲೆ?’ ಎಂದರೆ ಏಳು ಎಂದು ಯಾರಾದರೂ ಎಣಿಸಿ ಹೇಳಬಹುದು.

ಇನ್ನು ‘ಎಷ್ಟನೆಯ’ ಎಂಬ ರೂಪವನ್ನು ವಿಚಾರಿಸಬೇಕು. ಪರಿಮಾಣವಾಚಕವೆಂಬ ವಾದವು ಮುರಿದುಬೀಳುವುದು ಇಲ್ಲಿ. ಮೆಟ್ಟಿಲ ದಾರಿಯನ್ನು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು ಕಟ್ಟಿಸಿದರೆಂದೂ, ಏಕಶಿಲೆಯ ನಂದಿಯು ಅವರ ಕಾಲದ್ದೇ ಎಂದೂ ಪ್ರಸಿದ್ಧಿಯಿದೆ. ಮೆಟ್ಟಿಲು ಸಾವಿರವೆಂದು ಕೆಲವರು, 1,008 ಎಂದು ಕೆಲವರು ಹೇಳುವರು. ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮಗಳನ್ನು ಹಚ್ಚುತ್ತ ಹತ್ತುವ ಹರಕೆಯ ಹೆಂಗಸರಿಗೆ ಈ ಮತಭೇದದಿಂದ ಯಾವ ತೊಡಕೂ ಇಲ್ಲ. ನಂದಿಯಿರುವ ಸ್ಥಳವನ್ನು ತಿಳಿಯಬೇಕಾದವನು ‘ನಂದಿ ಎಷ್ಟನೆಯ ಮೆಟ್ಟಿಲಿನ ಹತ್ತಿರ?’ ಎಂದು ಕೇಳುವನು. ‘ಏಳುನೂರನೆಯ’ ಎಂಬುದು ವಾಡಿಕೆಯ ಉತ್ತರ. ಪ್ರಶ್ನೆಗೂ ಉತ್ತರಕ್ಕೂ ‘ಅನೆಯ’ ಎಂಬ ಒಂದೇ ಪ್ರತ್ಯಯ. ಈ ಪ್ರತ್ಯಯವು ಸಂಖ್ಯಾವಾಚಕಗಳಿಗೆ ಹತ್ತಿ ಸಂಖ್ಯೇಯವಾಚಕಗಳನ್ನು ಉಂಟುಮಾಡತಕ್ಕದ್ದೆಂದು ಅದೇ ಪಾಠಶಾಲೆಯ ವ್ಯಾಕರಣಗಳು ಹೇಳುತ್ತವೆ. ಪರಿಮಾಣವಾಚಕವೇ ಆಗಿದ್ದರೆ ‘ಎಷ್ಟು’ವಿಗೆ ಅದು ಹೇಗೆ ಹತ್ತಿತು? ಸಂಸ್ಕೃತದಲ್ಲಿಯೂ ಇಂತಹ ಪ್ರಶ್ನೆಗೆ ‘ಕತಿಥ’ ಎಂಬ ರೂಪವುಂಟು. ಅದು ಹುಟ್ಟಿದ್ದು ಎಣಿಕೆಯ ‘ಕತಿ’ಯಿಂದಲೇ ಹೊರತು ಅಳತೆಯ ‘ಕಿಯತ್’ ಎಂಬುದರಿಂದಲ್ಲ. ಇಂಗ್ಲಿಷ್ ಭಾಷೆಯಲ್ಲಿ ಈ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಕೇಳಲು ಬಳಕೆಯ ಶಬ್ದವೇ ಇಲ್ಲ. ಸುತ್ತಿ ಬಳಸಿ ಹೇಳಬೇಕಾಗುತ್ತದೆ. ಬಾಲಕರ ವ್ಯಾಕರಣದಲ್ಲಿ ‘ಎಷ್ಟು’ವನ್ನು ಸಂಖ್ಯಾವಾಚಕ ಪರಿಮಾಣವಾಚಕಗಳೆರಡರಲ್ಲಿಯೂ ಹೇಳಿ, ‘ಎಷ್ಟನೆಯ’ ಎಂಬುದನ್ನು ಸಂಖ್ಯೇಯವಾಚಕಗಳ ತಲೆಯಲ್ಲಿ ಪ್ರಶ್ನಾರ್ಥಕವಾಗಿ ನಿಲ್ಲಿಸುವುದು ಯುಕ್ತವಾಗಿರುವುದು.