ನಕ್ಷತ್ರ ಮಂಕಾಗುವ ಮೂರು ಗಂಟೆ

ಪೆಗಾಸಸ್ ನಕ್ಷತ್ರಪುಂಜದ ಎಚ್‌ಡಿ 209458 ಬರಿಗಣ್ಣಿಗೆ ಕಾಣುವುದಿಲ್ಲ. ಮೂರೂವರೆ ದಿನಕ್ಕೊಮ್ಮೆ ಅದರ ಬೆಳಕು ಸುಮಾರು ಶೇ 1.5ರಷ್ಟು ತಗ್ಗುತ್ತದೆ, ಮೂರು ಗಂಟೆಯಲ್ಲಿ ಮೊದಲಿನಂತಾಗುತ್ತದೆ. ಗುರುವಿಗಿಂತ ದೊಡ್ಡ ಗ್ರಹವೊಂದು ಅದರ ಮುಂದೆ ಹಾದುಹೋಗುವುದೇ ಕಾರಣ. ಇದು ಸೂರ್ಯನ ಮುಂದೆ ಶುಕ್ರ ಹಾದುಹೋಗುವ ಶುಕ್ರ ಸಂಕ್ರಮಣದಂಥದೇ ವಿದ್ಯಮಾನ.

1999ರಲ್ಲಿ ಡೇವಿಡ್ ಶಾರ್ಬನೊ, ಟಿಮೊಥಿ ಬ್ರೌನ್ ಮತ್ತು ಸಂಗಡಿಗರು ಇದನ್ನು ಗುರುತಿಸಿದ್ದು ಅಮೆರಿಕದ ಕೊಲರಾಡೊದಲ್ಲಿ, ಬರೀ 10 ಸೆಂಟಿಮೀಟರ್ ದೂರದರ್ಶಕದಿಂದ. ಹವ್ಯಾಸಿಗಳ ಬಳಿಯೂ ಅಷ್ಟು ದೊಡ್ಡದಿರುತ್ತದೆ! ಗ್ರಹವಿರುವ ಸುಳಿವನ್ನು ಅದರ ಸೆಳೆತದಿಂದಾಗುವ ನಕ್ಷತ್ರದ ಓಲಾಟ ಮೊದಲೇ ಕೊಟ್ಟಿತ್ತು. ಓಲಾಟದಿಂದ ರಾಶಿ, ಮಂಕಿನಿಂದ ಗಾತ್ರ ತಿಳಿದಾಗ ಲೆಕ್ಕ ಸಿಕ್ಕಿತು: ಗ್ರಹದ ಸಾಂದ್ರತೆ ನೀರಿಗಿಂತಲೂ ಕಡಿಮೆ. ಅದು ಅನಿಲದ ಗೋಳ.

ಕಕ್ಷೆಯ ಅಂಚು ನಮ್ಮತ್ತ ತಿರುಗಿದ್ದರಷ್ಟೇ ಸಂಕ್ರಮಣ ಕಾಣುತ್ತದೆ, ಅಂಥವು ವಿರಳ. ಆದ್ದರಿಂದಲೇ ಇಂಥ ಗ್ರಹಗಳನ್ನು ಹುಡುಕಲು 2009ರಲ್ಲಿ ಹಾರಿದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ಒಂದೂವರೆ ಲಕ್ಷದಷ್ಟು ನಕ್ಷತ್ರಗಳನ್ನು ಒಟ್ಟಿಗೇ ಕಾಯುತ್ತಿತ್ತು.