ತಾಯಂದಿರ ಮೂರು ಹಾಡುಗಳು

ದಕ್ಷಿಣ ಪೋಲೆಂಡಿನ ಬೆಟ್ಟಗಳ ಮಡಿಲಲ್ಲಿ ಜಕೋಪಾನೆ ಎಂಬ ಪಟ್ಟಣವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ‘ಪ್ಯಾಲೇಸ್’ ಎಂಬ ಕಟ್ಟಡ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಪೊದ ಸೆರೆಮನೆಯಾಗಿತ್ತು. 1944ರ ಸೆಪ್ಟೆಂಬರ್‌ನಲ್ಲಿ ಅದರ ಒಂದು ಕೋಣೆಯ ಗೋಡೆಯ ಮೇಲೆ 18 ವರ್ಷದ ಹುಡುಗಿಯೊಬ್ಬಳು ಕೆಲವು ಮಾತುಗಳನ್ನು ಗೀಚಿದಳು. ಅದರಲ್ಲಿ ಹಿಡಿದವರ ಮೇಲೆ ಶಾಪವಿರಲಿಲ್ಲ, ಸೇಡಿನ ಕೂಗಿರಲಿಲ್ಲ. ಅಳಬೇಡವೆಂದು ತಾಯಿಗೆ ಸಮಾಧಾನ ಹೇಳಿ, ಮೇರಿ ಮಾತೆಯ ಆಸರೆ ಬೇಡಿದ್ದಳು, ಅಷ್ಟೆ.

ಮೂರು ದಶಕಗಳ ನಂತರ ಈ ಬರಹ ಹೆನ್ರಿಕ್ ಗುರೆಟ್ಸ್ಕಿ (1933-2010) ಎಂಬ ಪೋಲಿಷ್ ಸಂಗೀತಗಾರನ ಕೈಸೇರಿತು. ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು ಆತ. 1976ರಲ್ಲಿ ಆತ ತನ್ನ ಮೂರನೆಯ ಸಿಂಫನಿಯನ್ನು ರಚಿಸಿದ. ‘ಶೋಕಗೀತೆಗಳ ಸಿಂಫನಿ’ ಎಂದು ಅದಕ್ಕೆ ಹೆಸರಿಟ್ಟ.

ಅದರಲ್ಲಿ ಮೂರು ಭಾಗಗಳಿವೆ, ಮೂರೂ ವಿಳಂಬಗತಿಯವು. ಮೊದಲನೆಯದರಲ್ಲಿ ಹದಿನೈದನೇ ಶತಮಾನದ ಮಠದ ಹಾಡು: ಸಾಯುತ್ತಿರುವ ಏಸುವಿನ ಮುಂದೆ ತಾಯಿ ಮೇರಿಯ, ನಾವು ಮರ್ಯಮ್ ಎಂದು ಕರೆಯುವ ಆ ತಾಯಿಯ, ಗೋಳು. ಎರಡನೆಯದು ಸೆರೆಮನೆಯ ಹುಡುಗಿಯ ಮಾತು. ಮೂರನೆಯದು ಸೈಲೀಷಿಯಾ ಪ್ರಾಂತದ ಜನಪದ ಹಾಡು. 1919ರಿಂದ 1921ರವರೆಗೆ ಅಲ್ಲಿ ಪೋಲಿಷ್ ಜನ ಜರ್ಮನ್ ಆಡಳಿತದ ವಿರುದ್ಧ ದಂಗೆಯೆದ್ದಿದ್ದರು. ಅಂಥ ದಂಗೆಯಲ್ಲಿ ಕಾಣೆಯಾದ ಮಗನ ಹೆಣಕ್ಕಾಗಿ ತಾಯಿಯೊಬ್ಬಳು ಹುಡುಕಾಡುತ್ತಾಳೆ. ಎರಡು ಕಡೆ ತಾಯಿ ಮಗನಿಗಾಗಿ ಅಳುತ್ತಾಳೆ; ನಡುವೆ ಮಗಳು ತಾಯಿಯ ಕಣ್ಣೀರು ಒರೆಸುತ್ತಾಳೆ.

ಸಂಗೀತದ ರೀತಿಯೂ ಸರಳ. ಅತಿ ಮಂದ್ರದ ತಂತಿವಾದ್ಯವೊಂದು ರಾಗ ಎತ್ತಿಕೊಳ್ಳುತ್ತದೆ. ಅದೇ ರಾಗವನ್ನು ಹಿಡಿದು ಇತರ ವಾದ್ಯಗಳು ಒಂದರ ಹಿಂದೊಂದು ಸೇರುತ್ತ ಮೇಲೇರುತ್ತವೆ. ಎಲ್ಲ ತುಂಬಿ ಬಂದ ಮೇಲೆಯೇ ಹೆಣ್ಣುದನಿ ಕೇಳುವುದು. 1977ರಲ್ಲಿ ಫ್ರಾನ್ಸಿನ ರುವಾಯಾಂ ಉತ್ಸವದಲ್ಲಿ ಮೊದಲ ಬಾರಿ ನುಡಿಸಿದಾಗ, ಹೊಸತನದ ಕ್ಲಿಷ್ಟತೆಗೆ ಒಗ್ಗಿದ್ದ ಅನೇಕ ವಿಮರ್ಶಕರಿಗೆ ಈ ಸರಳತೆ ಹಿಡಿಸಲಿಲ್ಲ. ಆದರೆ ಡಾನ್ ಅಪ್‌ಶಾ ಹಾಡಿದ ಧ್ವನಿಮುದ್ರಿಕೆ 1992ರಲ್ಲಿ ಹೊರಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಪೋಲಿಷ್ ಭಾಷೆಯ ಒಂದಕ್ಷರವೂ ಬಾರದವರು ಅದನ್ನು ಕೇಳಿ ಅತ್ತರು.

ಹಲವರು ಇದನ್ನು ನಾಜಿ ನರಮೇಧದ ಸ್ಮಾರಕವೆಂದೇ ಕರೆದರು. ಗುರೆಟ್ಸ್ಕಿ ಮಾತ್ರ ತನ್ನ ಕೃತಿಯನ್ನು ಒಂದು ಯುದ್ಧಕ್ಕೆ ಕಟ್ಟಿಹಾಕಲು ಒಪ್ಪಲಿಲ್ಲ. ಆತನ ಆ ಹಟದಲ್ಲಿ ಅರ್ಥವಿದೆ. ಸತ್ತವರ ನೆನಪನ್ನು ಮುಂದಿನ ಹಗೆತನಕ್ಕೆ ಬಂಡವಾಳ ಮಾಡಿಕೊಳ್ಳುವುದು ಸುಲಭ. ಎಲ್ಲ ದೇಶಗಳ ರಾಜಕಾರಣಕ್ಕೂ ಆ ವಿದ್ಯೆ ಗೊತ್ತು. ಹಾಗೆಂದು ನೆನಪನ್ನೇ ಅಳಿಸಿಹಾಕಿದರೆ ಅದು ಕೊಂದವರಿಗೆ ಮಾಡಿದ ಉಪಕಾರವಾದೀತು. ಈ ಸಿಂಫನಿ ಮೂರನೆಯ ದಾರಿಯೊಂದನ್ನು ಹಿಡಿದಿದೆ: ಏನನ್ನೂ ಮರೆಯದೆ, ಯಾರನ್ನೂ ಶಪಿಸದೆ, ಅಳುವ ತಾಯಿಯ ಪಕ್ಕದಲ್ಲಿ ಸುಮ್ಮನೆ ಕೂರುವುದು. ತಾಯಿ ಯಾವ ಪಾಳಯದವಳು ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ.